ಇಲಿ ಗಡ್ಡಿಗೆ ಅಡಿನೊವೈರಸ್ ಚುಚ್ಚಿದ್ರೂ ಕರಗವಲ್ದು, ಯಾಕ್ರಿ?

ಪ್ರಶ್ನೆ (ಸಪ್ತಾಪುರ, ಧಾರವಾಡ): ಕ್ಯಾನ್ಸರ್ ಕೋಶದಾಗ ಹೆಚ್ಚಿ ಅದನ್ನ ಒಡೀಲಿ ಅಂತ ಚುಚ್ಚಿದ್ದು ಮನುಷ್ಯರ ಅಡಿನೊವೈರಸ್ 5 (ನೆಗಡಿ ತರೋ ವೈರಸ್ ಗುಂಪಿಂದು), ಇಲಿಯದ ಕ್ಯಾನ್ಸರ್ ಗಡ್ಡಿ. ಡೋಸ್ ಏರಿಸಬೇಕೇನ್ರಿ?

ಉತ್ತರ (ವಿದ್ಯಾನಗರ, ಹುಬ್ಬಳ್ಳಿ): ಡೋಸಿಂದಲ್ರಿ. ಆ ವೈರಸ್ ಇಲಿ ಜೀವಕೋಶದಾಗ ಸರಿಯಾಗಿ ಹೆಚ್ಚಂಗಿಲ್ಲ; ಸಿರಿಯನ್ ಹ್ಯಾಮ್‌ಸ್ಟರ್‌ನಾಗ ಹೆಚ್ಚತೈತಿ. ನ್ಯೂಡ್ ಇಲಿಗೆ (ಕೂದಲಿಲ್ಲದ ಲ್ಯಾಬ್ ತಳಿ) ಮನುಷ್ಯರ ಕ್ಯಾನ್ಸರ್ ಕೋಶ ಕಸಿ ಮಾಡಬಹುದು, ಆದ್ರ ಆ ಇಲಿಗೆ ಟಿ-ಕೋಶಾನೇ (ಸೋಂಕಿನ ಕೋಶ ಕೊಲ್ಲೋ ಬಿಳಿ ರಕ್ತಕಣ) ಇಲ್ಲ. ಅಂದಮ್ಯಾಲೆ ರೋಗನಿರೋಧಕದ ಅರ್ಧ ಆಟ ಕಾಣಂಗಿಲ್ಲ.

ಉತ್ತರ (ಗದಗ): ಚುಚ್ಚೂದನ್ನೂ ನೋಡ್ರಿ. 50 ಮೈಕ್ರೋಲೀಟರ್ ನಿಧಾನಕ್ಕ ಬಿಟ್ಟು, ಸೂಜಿ ಅರ್ಧ ನಿಮಿಷ ಅಲ್ಲೇ ಹಿಡೀರಿ. ಗಡಬಡ ಮಾಡಿ ಎಳದ್ರ ತೂತಿನಿಂದ ಹನಿ ವಾಪಸ್ ಬರತೈತಿ. ಸೀಸೆ ಐಸ್ ಮ್ಯಾಲಿರಲಿ. ಗಾತ್ರ ಅಂದ್ರ ಉದ್ದ × ಅಗಲ × ಅಗಲ ÷ 2. ಮೊದಲ ದಿನಗಳ ಬಾವು ಬೆಳವಣಿಗಿ ಅಲ್ಲ. ಹೋಲಿಕೆಗೆ, ಯುವಿ (ನೇರಳಾತೀತ) ಬೆಳಕಿಂದ ಕೊಂದ ವೈರಸ್ ಚುಚ್ಚಿದ ಇಲಿಗಳ ಗುಂಪು ಇಲ್ಲದ ಲೆಕ್ಕ ನಂಬಬ್ಯಾಡ್ರಿ.

ಉತ್ತರ (ಹಾವೇರಿ): ಬಾಲದ ರಕ್ತನಾಳಕ್ಕ ಕೊಟ್ರ ಬಹುಪಾಲು ಯಕೃತ್ತೇ ನುಂಗತೈತಿ. 2015ರಾಗ ಅಮೆರಿಕಾ ಒಪ್ಪಿದ ಹರ್ಪಿಸ್ ವೈರಸ್ಸಿಂದ ಮಾಡಿದ ಕ್ಯಾನ್ಸರ್ ಔಷಧಿ ಟಿ-ವೆಕ್ ಸೈತ ಗಡ್ಡಿಗೇ ನೇರ ಚುಚ್ಚೂದು.