ಪದ ಬೇಕಿದೆ: ಪೊಟೆನ್ಷಿಯೊಮೀಟರ್, ರೋಟರಿ ಎನ್‌ಕೋಡರ್, ಡಿಬೌನ್ಸ್

ಗೆಳೆಯರೇ,
ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳ ಆರ್ಡುಯಿನೋ (ಪ್ರೋಗ್ರಾಮು ಹಾಕಿ ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡು) ಕೈಪಿಡಿ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗುತ್ತದೆ. ಬಿಡಿಭಾಗಗಳ ಡಬ್ಬಿ ಮೇಲಿನ ಚೀಟಿಗೂ ಇವೇ ಹೆಸರು. ಪುಶ್ ಬಟನ್‌ಗೆ 'ಒತ್ತುಗುಂಡಿ' ಎಂದಿಟ್ಟಿದ್ದೇನೆ. ತಲೆನೋವು ತಿರುಗಿಸುವ ಎರಡರದ್ದು. 10ಕೆ (10,000 ಓಮ್) ಪೊಟೆನ್ಷಿಯೊಮೀಟರ್, ಅಂದರೆ ತಿರುಗಿಸಿ ಬದಲಿಸುವ ರೆಸಿಸ್ಟರ್, ಚಿಕ್ಕದಾಗಿ ಪಾಟ್, ಮುಕ್ಕಾಲು ಸುತ್ತಿನಷ್ಟು ತಿರುಗಿ ನಿಲ್ಲುತ್ತದೆ. ಆರ್ಡುಯಿನೋ ಊನೋ ಬೋರ್ಡಿನ ಅನಲಾಗ್ ಪಿನ್ನಿನಲ್ಲಿ 0ಯಿಂದ 1023ರವರೆಗೆ ಓದು ಬರುತ್ತದೆ. ಕೆವೈ-040 ಎನ್‌ಕೋಡರ್ ಕೊನೆಯಿಲ್ಲದೆ ತಿರುಗುತ್ತದೆ, ಸುತ್ತಿಗೆ 20 ಟಕ್ಕು. ಯಾವ ಕಡೆಗೆ, ಎಷ್ಟು ಟಕ್ಕು ಎಂದಷ್ಟೇ ಹೇಳುತ್ತದೆ. ಪಾಟ್‌ಗೆ ಬರೆದ ಪ್ರೋಗ್ರಾಮಿಗೆ ಇದನ್ನು ಕಟ್ಟಿದರೆ ಓದು 0, 1023 ಎಂದು ಜಿಗಿಯುತ್ತದೆ ಅಷ್ಟೆ. ನೋಡಲು ಎರಡೂ ಒಂದೇ ತರಹ, ಹಾಗಾಗಿ ವ್ಯತ್ಯಾಸ ಹೆಸರಲ್ಲೇ ಕಾಣಬೇಕು. ಡಿಬೌನ್ಸ್‌ಗೂ ಇನ್‌ಪುಟ್‌ಗೂ ಏನಾದರೂ ಹೇಳಿ.

ಮರು:
ಇನ್‌ಪುಟ್‌ಗೆ ಊಡಿಕೆ. ಉಣ್ ಎಂಬುದರಿಂದ ಊಡು, ಉಣಿಸು ಎಂದೇ ಅರ್ಥ; ಚಿಪ್ಪಿಗೆ ಸಂಕೇತ ಊಡುತ್ತೇವೆ. ಪೊಟೆನ್ಷಿಯೊಮೀಟರ್ ತಿರುಗುತಡೆ, ಎನ್‌ಕೋಡರ್ ತಿರುಗೆಣಿಕೆ, ಡಿಬೌನ್ಸ್ ಪುಟಿತಡೆ. 'ಊಡಿಕೆಸಾಧನ' ಎಂದು ಮಾತ್ರ ಬರೆಯಬೇಡಿ, ಕನ್ನಡ-ಸಂಸ್ಕೃತ ಬೆರೆಸಿದ ಅರಿಸಮಾಸ. 'ಊಡುಕ' ಸಾಕು.

ಮರು:
> 'ಊಡುಕ' ಸಾಕು
ಅದರ ಅರ್ಥ ಹುಡುಕಬೇಕಾಗುತ್ತದೆ. ಶಾಲೆಯ ಪುಸ್ತಕದಲ್ಲಿ ರೆಸಿಸ್ಟರಿಗೆ 'ರೋಧಕ' ಎಂದು ಓದಿದ ಮಕ್ಕಳಿಗೆ ಹೊಸದಾಗಿ 'ತಡೆ' ಯಾಕೆ? ಅದೂ ಒಂದೇ ತಡೆಗೆ ಎರಡು ಪದದಲ್ಲಿ ಎರಡು ಅರ್ಥ. ಡಿಬೌನ್ಸ್ ಏನನ್ನೂ ತಡೆಯುವುದೂ ಇಲ್ಲ. ಗುಂಡಿಯೊಳಗಿನ ತಗಡು ಕೆಲವು ಮಿಲಿಸೆಕೆಂಡು ಪುಟಿದೇ ಪುಟಿಯುತ್ತದೆ, ಒಂದು ಒತ್ತು ನಾಲ್ಕೈದಾಗಿ ಕಾಣುತ್ತದೆ; ಮೊದಲ ಬದಲಾವಣೆಯನ್ನು ಹಿಡಿದು, ಮುಂದಿನ 20 ಮಿಲಿಸೆಕೆಂಡಿನದ್ದನ್ನು ಪ್ರೋಗ್ರಾಮು ಬಿಟ್ಟುಬಿಡುತ್ತದೆ. 'ಪುಟಿತ ಸೋಸುವುದು' ಅನ್ನಿ. ಅರಿಸಮಾಸವಂತೆ! ಮಂಗಳಾರತಿಯೂ ಅರಿಸಮಾಸವೇ, ದೇವರೇನೂ ಬೇಡವೆಂದಿಲ್ಲ.

ಮರು:
ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 'ತಿರುಗೆಣಿಕೆ ಕೊಡಿ' ಎಂದು ಕೇಳಿ ನೋಡಿ. 'ಟೆನ್ ಕೆ ಪಾಟ್' ಅಂದರೆ ಕೈಗೆ ಬರುತ್ತದೆ. ಚೀಟಿಯಲ್ಲಿ ಪಾಟ್, ಎನ್‌ಕೋಡರ್ ಎಂದೇ ಬರೆದು ಕೆಳಗೆ 'ಕೊನೆಯಲ್ಲಿ ನಿಲ್ಲುತ್ತದೆ', 'ನಿಲ್ಲದೆ ಸುತ್ತುತ್ತದೆ' ಎಂದು ಹಾಕಿ. ಪಾಟ್ ಮೇಲೆ ಬಿ10ಕೆ ಎಂದಿರಬೇಕು. ಎ10ಕೆ ಆಡಿಯೋ ವಾಲ್ಯೂಮಿನದ್ದು, ಅರ್ಧ ತಿರುಗಿಸಿದರೆ ಅರ್ಧ ಓದು ಬರುವುದಿಲ್ಲ.

ಒತ್ತುಗುಂಡಿಯ ಚೀಟಿಗೆ ಹೆಸರಿಗಿಂತ ಇದು ಮುಖ್ಯ: 6 ಮಿ.ಮೀ. ಟ್ಯಾಕ್ಟ್ ಸ್ವಿಚ್ಚಿನ ನಾಲ್ಕು ಕಾಲುಗಳಲ್ಲಿ ಎರಡೆರಡು ಒಳಗೇ ಕೂಡಿರುತ್ತವೆ. ತಪ್ಪು ಜೋಡಿ ಹಿಡಿದರೆ ಸದಾ ಒತ್ತಿದಂತೆಯೇ. ಮೂಲೆಯಿಂದ ಎದುರು ಮೂಲೆಗೆ ಎರಡು ಕಾಲು ಹಿಡಿಯಲಿ: ಒಂದು ಗ್ರೌಂಡಿಗೆ, ಒಂದು ಪಿನ್ನಿಗೆ. ಪ್ರೋಗ್ರಾಮಿನಲ್ಲಿ ಇನ್‌ಪುಟ್ ಪುಲ್‌ಅಪ್ (ಚಿಪ್ಪಿನೊಳಗಿನ ರೆಸಿಸ್ಟರ್ ಬಳಸುವ ಆಜ್ಞೆ) ಹಾಕಿದರೆ ಹೊರಗೆ ರೆಸಿಸ್ಟರ್ ಬೇಡ. ಹಾಕದಿದ್ದರೆ ಪಿನ್ನು ತೇಲುತ್ತದೆ, ಕೈ ಹತ್ತಿರ ತಂದರೂ ಓದು ಬದಲಾದೀತು. ಒತ್ತಿದಾಗ ಬರುವುದು 0. ಇದನ್ನು ದಪ್ಪಕ್ಷರದಲ್ಲಿ ಹಾಕಿ.

ಮರು:
ಅಂಗಡಿಯವರು ಹೇಳಿದ್ದೇ ಪದವಾದರೆ ಈ ಚರ್ಚೆಯೇ ಬೇಡ. 'ಗ್ರೌಂಡ್' ಯಾಕೆ? ನೆಲ ಇದೆ.

ಮರು:
ಕುರ್ಚಿ ಅರಬ್ಬಿಯಿಂದ ಬಂದದ್ದು. ತಾವು ನೆಲದ ಮೇಲೆ ಕೂತೇ ಬರೆಯುತ್ತೀರಿ ತಾನೇ?

ಮರು:
ಒತ್ತುಗುಂಡಿ, ಪಾಟ್, ಎನ್‌ಕೋಡರ್, ಪುಟಿತ ಸೋಸುವುದು. ಇನ್‌ಪುಟ್ ಇನ್‌ಪುಟ್ಟಾಗಿಯೇ ಉಳಿಯಿತು. ಕಾಲುಗಳ ಚಿತ್ರವನ್ನೂ ಸೇರಿಸಿ ಮುದ್ರಣಕ್ಕೆ ಕಳಿಸಿದೆ. ಎಲ್ಲರಿಗೂ ನನ್ನಿ.

ಮರು:
ಗುಂಡಿ ಅಂದರೆ ಹಳ್ಳ. 'ಒತ್ತುಬಿಲ್ಲೆ' ಮಾಡಿ.