ಬೆರಳು ಸಂದಿ ತುರಿಕೆಗೆ ಯಾವ ಎಣ್ಣೆ?

ತೋಟದಮನೆ, ತೀರ್ಥಹಳ್ಳಿ:
ಜುಲೈ ಬಂತೆಂದರೆ ನನ್ನ ಕಾಲ್ಬೆರಳ ಸಂದಿ ಬೆಳ್ಳಗಾಗಿ ಬಿರಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಸಮಯ, ಗಂಬೂಟು ಬಿಚ್ಚಲು ಪುರುಸೊತ್ತಿಲ್ಲ. ಅಡಿಕೆಗೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಇದೆ, ನನಗೇನಿದೆ? ಅತ್ತೆ ಹೊಂಗೆ ಎಣ್ಣೆ ಅನ್ನುತ್ತಾರೆ. ಮಗಳು ಟೀ ಟ್ರೀ ಎಣ್ಣೆ ತಂದಿದ್ದಾಳೆ.

ಔಷಧಿ ಅಂಗಡಿಯವ, ಸಾಗರ:
ಟೀ ಟ್ರೀ ಅಂದರೆ ನಮ್ಮ ಚಹಾ ಗಿಡ ಅಲ್ಲ, ಆಸ್ಟ್ರೇಲಿಯಾದ ಮರ. ಅದರ ಎಣ್ಣೆಯಲ್ಲಿರುವ ಟರ್ಪಿನೆನ್-4-ಆಲ್ ಎಂಬ ಅಂಶ ಈ ತುರಿಕೆ ತರುವ ಶಿಲೀಂಧ್ರದ ಪೊರೆ ಕೆಡಿಸುತ್ತದೆ. ಆದರೆ ಹಾಗೇ ಸುರಿದರೆ ಚರ್ಮ ಉರಿಯುತ್ತದೆ, ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ. ಬಿರಿದ ಜಾಗಕ್ಕೆ ಬೇಡವೇ ಬೇಡ. ಕುಡಿದರೆ ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. ಹೊಂಗೆ, ಬೇವು ಪ್ರಯೋಗಾಲಯದಲ್ಲಿ ಶಿಲೀಂಧ್ರ ತಡೆದಿವೆ, ನಿಜ. ಮನುಷ್ಯರ ಮೇಲಿನ ಪುರಾವೆ ಕಡಿಮೆ. ನಾನಾದರೆ ಶಿಲೀಂಧ್ರ ತಡೆಯುವ ಕ್ಲೋಟ್ರಿಮಜೋಲ್ ಮುಲಾಮು ಹಚ್ಚುತ್ತೇನೆ. ತುರಿಕೆ ನಿಂತ ಮೇಲೂ ಎರಡು ವಾರ ಬಿಡಬಾರದು. ಸ್ಟೀರಾಯ್ಡ್ ಬೆರೆತ ಟ್ಯೂಬ್ ಮಾತ್ರ ಕೇಳಲೇಬೇಡಿ. ತುರಿಕೆ ತಕ್ಷಣ ಇಳಿಯುತ್ತದೆ, ಹುಳುಕಡ್ಡಿ ಒಳಗೊಳಗೇ ಹಬ್ಬುತ್ತದೆ. ಜನ ಅದನ್ನೇ ಜಾಸ್ತಿ ಕೇಳುತ್ತಾರೆ, ಏನು ಮಾಡೋದು!

ಹೊಸನಗರದ ಅಕ್ಕ:
ಎಣ್ಣೆ ಆಮೇಲೆ ಮಾರಾಯ್ರೇ, ಮೊದಲು ಕಾಲು ಒಣಗಿಸಿ. ಒದ್ದೆ ಸಾಕ್ಸ್ ಮೇಲೆ ಯಾವ ಎಣ್ಣೆಯೂ ಕೆಲಸ ಮಾಡಲ್ಲ. ನಾವು ಹೊಡಸಲಿನ (ಮಳೆಗಾಲದ ಬೆಂಕಿಗೂಡಿನ) ಮೇಲೆ ಸಾಕ್ಸ್ ಒಣಗಿಸುತ್ತೇವೆ.

ತೋಟದಮನೆ:
ಎದೆ ಮೇಲೆ ಚಿಬ್ಬೂ ಇದೆ. ಅದಕ್ಕೆ ಕೊಬ್ಬರಿ ಎಣ್ಣೆ?

ಔಷಧಿ ಅಂಗಡಿಯವ:
ಬೇಡ. ಚಿಬ್ಬಿನ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬೇ ಊಟ. ಕೀಟೋಕೊನಜೋಲ್ ಶಾಂಪೂ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಸಕ್ಕರೆ ಕಾಯಿಲೆ ಇದ್ದರೆ ಬಿರಿದ ಕಾಲನ್ನು ಡಾಕ್ಟರಿಗೆ ತೋರಿಸಿ.