ಕರಪತ್ರದಲ್ಲಿ ಟೀಕೆ ಎಲ್ಲಿ ಮುಗಿದು ಅಪರಾಧ ಎಲ್ಲಿ ಶುರುವಾಗುತ್ತದೆ?

ಮಲೆನಾಡಿಗ: ಜಾತ್ರೆಯಲ್ಲಿ ಹಂಚಿದ ಕರಪತ್ರವೊಂದಿದೆ ಎನ್ನಿ. ಮೇಲರ್ಧದಲ್ಲಿ ಅಲ್ಪಸಂಖ್ಯಾತರ ಧಾರ್ಮಿಕ ಆಚರಣೆಯ ಕಟು ಟೀಕೆ. ಕೆಳಗೆ, ‘ಈ ಧರ್ಮದವರು ಇಲ್ಲಿ ಅಂಗಡಿ ಇಡಕೂಡದು, ಇವರಿಗೆ ಮತದ ಹಕ್ಕೂ ಇರಕೂಡದು’. ದೂರು ಇಡೀ ಪತ್ರದ ಮೇಲೆ ಕೊಡಬೇಕೇ? ಹಾಗೆ ಕೊಟ್ಟರೆ ಟೀಕಿಸುವವರ ಬಾಯಿಗೂ ಬೀಗ ಬೀಳುವುದಿಲ್ಲವೇ?

ಕಲಂ ೧೯: ಬೀಳುತ್ತದೆ, ಅದಕ್ಕೇ ಕೆಳಗಿನ ಸಾಲುಗಳ ಮೇಲೆ ಮಾತ್ರ ಕೊಡಿ. ಆಚರಣೆಯ ಟೀಕೆಗೆ ಭಾರತೀಯ ನ್ಯಾಯ ಸಂಹಿತೆಯ 299 (ಹಳೆಯ ದಂಡ ಸಂಹಿತೆಯ 295ಎ) ಹಚ್ಚುವವರೇ ಹೆಚ್ಚು. ಆದರೆ 1957ರ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ಎತ್ತಿಹಿಡಿದದ್ದೇ, ಬೇಕೆಂದೇ ದುರುದ್ದೇಶದಿಂದ ಮಾಡಿದ ಅವಮಾನಕ್ಕಷ್ಟೇ ಅದು ತಾಗುತ್ತದೆ ಎಂಬ ಕಾರಣಕ್ಕೆ. ಮನಸ್ಸಿಗೆ ನೋವಾಯಿತು ಎಂದರೆ ಸಾಲದು.

ಕೆಳಗಿನ ಸಾಲುಗಳ ಗುರಿ ನಂಬಿಕೆಯಲ್ಲ, ಮನುಷ್ಯರು. ಧರ್ಮದ ಕಾರಣಕ್ಕೆ ಒಂದು ವರ್ಗಕ್ಕೆ ನಾಗರಿಕ ಹಕ್ಕು ಸಿಗಕೂಡದು ಎಂದು ಪ್ರಚಾರ ಮಾಡುವುದು 197(1)(ಬಿ) ಅಡಿ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ. ಹಳೆಯ 153ಬಿ ಇದೇ. ಈ ಕಲಂ ಠಾಣೆಗಳಲ್ಲಿ ನೆನಪಾಗುವುದೇ ಅಪರೂಪ. ಎಲ್ಲರೂ 196ಕ್ಕೆ (153ಎ) ಓಡುತ್ತಾರೆ. ಅದಕ್ಕೆ ಎರಡು ಸಮುದಾಯಗಳ ನಡುವೆ ದ್ವೇಷ ಬಿತ್ತುವ ಉದ್ದೇಶ ತೋರಿಸಬೇಕು. 1997ರ ಬಿಲಾಲ್ ಅಹ್ಮದ್ ಕಾಲೂ ತೀರ್ಪಿನಲ್ಲಿ ಆರೋಪ ಬಿದ್ದುಹೋದದ್ದು ಇಲ್ಲೇ.

ಠಾಣೆಮೆಟ್ಟಿಲು: ಮೂಲ ಪ್ರತಿಯನ್ನು ಲಕೋಟೆಯಲ್ಲಿಡಿ, ಮೇಲೆ ಗೀಚಬೇಡಿ. ಎಲ್ಲಿ, ಎಷ್ಟು ಹೊತ್ತಿಗೆ ಸಿಕ್ಕಿತು ಎಂದು ದೂರಿನಲ್ಲಿ ಬರೆಯಿರಿ, ಆಕ್ಷೇಪಾರ್ಹ ಸಾಲುಗಳನ್ನು ಅಕ್ಷರಶಃ ಎತ್ತಿಕೊಡಿ. ವಾಟ್ಸಾಪ್‌ನಲ್ಲಿ ಬಂದಿದ್ದರೆ ಸ್ಕ್ರೀನ್‌ಶಾಟ್ ಸಾಲದು. ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಕೇತ) ನಮೂದಾಗಬೇಕು.

ಠಾಣಾಧಿಕಾರಿ ಡಿವೈಎಸ್ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು (ನಾಗರಿಕ ಸುರಕ್ಷಾ ಸಂಹಿತೆ 173(3)). ಇದನ್ನು ತಡ ಎಂದು ಬೈಯಬೇಡಿ. ಕಾಂಗ್ರೆಸ್ ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರ ಕವಿತೆಯ ಮೇಲಿನ ಎಫ್‌ಐಆರನ್ನು 2025ರ ಮಾರ್ಚ್‌ನಲ್ಲಿ ರದ್ದು ಮಾಡಿದಾಗ ಸುಪ್ರೀಂ ಕೋರ್ಟ್, ಮಾತಿನ ಪ್ರಕರಣಗಳಲ್ಲಿ ಮೊದಲು ಈ ವಿಚಾರಣೆ ಮಾಡುವುದೇ ಸರಿ ಎಂದಿತು. ದೂರು ದಾಖಲಿಸದಿದ್ದರೆ ಎಸ್ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್.

ಮಲೆನಾಡಿಗ: ಪತ್ರವನ್ನೇ ಮುಟ್ಟುಗೋಲು ಹಾಕಿಸಬಹುದೇ?

ಕಲಂ ೧೯: ರಾಜ್ಯ ಸರ್ಕಾರ ನಾಗರಿಕ ಸುರಕ್ಷಾ ಸಂಹಿತೆಯ 98ರ ಅಡಿ ಮಾಡಬಹುದು. ಆದರೆ ಅಧಿಸೂಚನೆಯಲ್ಲಿ ಕಾರಣ ಬಿಡಿಸಿ ಬರೆದಿರಬೇಕು. ಕಾರಣ ಕೊಡದ ಆದೇಶವನ್ನು 1961ರಲ್ಲೇ ಹರ್ನಾಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬದಿಗೊತ್ತಿದೆ. ಬರೆದವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ.

ಠಾಣೆಮೆಟ್ಟಿಲು: ಪ್ರಕರಣಗಳು ಸಾಯುವ ಜಾಗ ಒಂದಿದೆ: ಸುರಕ್ಷಾ ಸಂಹಿತೆಯ 217ರ ಪೂರ್ವಾನುಮತಿ. ಎಫ್‌ಐಆರಿಗೆ ಅದು ಬೇಡ, ಆದರೆ ಅದಿಲ್ಲದೆ ಕೋರ್ಟ್ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ನ್ಯಾಯ ಸಂಹಿತೆಯ 196, 299ಕ್ಕೆ ಸರ್ಕಾರವೇ ಕೊಡಬೇಕು, 197ಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಕೊಟ್ಟರೂ ನಡೆಯುತ್ತದೆ. ಕಡತ ವಿಧಾನಸೌಧದವರೆಗೆ ಹೋಗಬೇಕಿಲ್ಲ. ಇದೊಂದೇ ಕಾರಣಕ್ಕೂ 197 ಬಿಡಬೇಡಿ.

ಕಲಂ ೧೯: ಒಪ್ಪಿದೆ. ಆದರೂ ಈ ಅನುಮತಿ ತೆಗೆದುಹಾಕಿ ಎನ್ನುವವರ ಜೊತೆ ನಾನಿಲ್ಲ. ಇದೇ ಕಲಮುಗಳನ್ನು ವಿಚಾರವಾದಿಗಳ ಮೇಲೂ ಹಾಕುತ್ತಾರೆ. ಆಗ ಅವರಿಗೆ ಅಡ್ಡ ನಿಲ್ಲುವುದೂ ಇದೇ ಬಾಗಿಲು.